ವಾರದ ರಜೆ

ಹನ್ನೊಂದು ವರ್ಷ ಈ ಬೆಟ್ಟವನ್ನು ನಾನು
ಬಲಗಡೆ ಕಿಟಕಿಯಲ್ಲೇ ನೋಡಿದ್ದು.
ಪೆರೇಸಂದ್ರ ಕ್ರಾಸ್ ದಾಟಿ, ಚಿಲ್ಲರೆ ಎಣಿಸಿ ತಲೆಯೆತ್ತಿದರೆ
ಬಂದೇ ಬರುತ್ತದೆ ಗುಡಿಬಂಡೆ,
ಸುತ್ತು ಸುತ್ತು ಕೋಟೆಗೋಡೆ
ಮುಂಡಾಸು ಬಿಗಿದ ಬೋಳುತಲೆ.
ಒಂದು ದಿನವೂ ಇಳಿದು ಹತ್ತಿರಲಿಲ್ಲ.
ಕಂಡಕ್ಟರಿಗೆ ಇಳಿಯುವ ಸ್ಟಾಪು ಯಾವುದಿದೆ?

ಸಂಕ್ರಾಂತಿ ಕಳೆದ ಎರಡನೇ ಭಾನುವಾರ, ಬೆಳಗಿನ ಆರೂಕಾಲು.
ಮೂರು ಬಾಟಲಿ ನೀರು, ಒಂದರಲ್ಲಿ ಮಜ್ಜಿಗೆ,
ಅವರೆಕಾಳು ಉಪ್ಪಿಟ್ಟು, ಹುರಿದ ಕಡಲೆಕಾಯಿ, ಬೆಲ್ಲ,
ಮೋಕ್ಷಿತನಿಗೆ ಟೋಪಿ, ದೀಕ್ಷಾಳ ಕೊರಳಿಗೆ ಸೀಟಿ:
ಹಿಂದೆ ಬಿದ್ದರೆ ಒಮ್ಮೆ ಊದು, ದಾರಿ ತಪ್ಪಿದರೆ ಮೂರು ಸಲ.
ನನ್ನದೇ ಸೀಟಿ, ಡ್ಯೂಟಿಯದ್ದು.
ಅತ್ತೆ ಅಶ್ವತ್ಥಮ್ಮನವರಿಗೆ ಮೊದಲೇ ಹೇಳಿದ್ದೆ,
ನೀವು ಕೆಳಗೆ ಕಟ್ಟೆ ಮೇಲೆ ಕೂತಿರಿ,
ಒಂಬತ್ತಕ್ಕೆಲ್ಲ ಬಂದುಬಿಡ್ತೀವಿ.
ಅವರು ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟರು. ಅಷ್ಟೆ.
ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದೇಬಿಟ್ಟರು, ಮುಂದೆ.

ಬಂಡೆಗೆ ಕಡಿದ ಮೆಟ್ಟಿಲು,
ಯಾರ ಕಾಲಿನ ಅಳತೆಯೋ, ಒಂದು ಗೇಣು, ಇನ್ನೊಂದು ಮೊಳ.
ಬಂದರೆಗಿಡ, ತಂಗಡಿ ಹೂ,
ಎಲೆಯುದುರಿಸಿ ಕೂತ ಸೀತಾಫಲ.
ಕಲ್ಲಿನ ಮೇಲೆ ಕಲ್ಲು ಕೂತ ಬಗೆ ನೋಡಿ ದೀಕ್ಷಾ
"ಅಮ್ಮಾ, ಇದು ಬಿದ್ದರೆ?"
"ಬೀಳೋದಾಗಿದ್ರೆ ನಾನು ಹುಟ್ಟೋ ಮುಂಚೇನೇ ಬೀಳ್ತಿತ್ತು"
ಎಂದರು ಅತ್ತೆ, ತಿರುಗದೆ.

ಅವರ ಪಾದ ನೋಡುತ್ತಾ ಹತ್ತಿದೆ.
ಬಿರುಕುಬಿಟ್ಟ ಹಿಮ್ಮಡಿ ಬಂಡೆಯನ್ನು ಕಚ್ಚಿ ಹಿಡಿಯುತ್ತಿತ್ತು.
ನನ್ನ ಹೊಸ ಶೂ, ಎಂಟುನೂರು ರೂಪಾಯಿ,
ಜಾರುತ್ತಿತ್ತು.
ಮದುವೆಯಾಗಿ ಹದಿಮೂರು ವರ್ಷ. ಈ ಹೆಂಗಸು
ಪೊರಕೆಗೆಂದು ಬಂದರೆಕಡ್ಡಿ ಕೊಯ್ಯಲು
ಹುಡುಗಿಯಾಗಿದ್ದಾಗ ವಾರಕ್ಕೆರಡು ಸಲ ಈ ಬೆಟ್ಟ ಹತ್ತುತ್ತಿದ್ದರೆಂದು
ಎರಡನೇ ಬಾಗಿಲ ಹತ್ತಿರ ಗೊತ್ತಾಯಿತು.
ಕೇಳಿರಲಿಲ್ಲ ನಾನು. ಟಿಕೆಟ್ ಟಿಕೆಟ್ ಅಂತ
ಊರವರನ್ನೆಲ್ಲ ಕೇಳುವ ಬಾಯಿ.

ಮೂರನೇ ಬಾಗಿಲಲ್ಲಿ ಮೋಕ್ಷಿತ ಕೂತ.
ಕಾಲುನೋವಲ್ಲ, ಅಳುವಲ್ಲ,
ಒಂದು ಓತಿಕ್ಯಾತ, ಕಲ್ಲಿನದೇ ಬಣ್ಣ,
ಬಿಸಿಲು ಕಾಯಿಸುತ್ತಾ ತಲೆ ಆಡಿಸುತ್ತಿತ್ತು.
ನಿಂಗೆ ಮನೆ ಇದೆಯಾ? ತಲೆಯಾಡಿಸಿತು.
ಸ್ಕೂಲ್ ಇದೆಯಾ? ಅದಕ್ಕೂ.
ಇವತ್ತು ರಜಾನಾ? ಜೋರಾಗಿ, ಎರಡು ಸಲ.

ಬೆಲ್ಲ ತೋರಿಸಿದೆ. ಗದರಿಸಿದೆ.
"ಮೇಲಿಂದ ಕೆರೆ ಪೂರ್ತಿ ಕಾಣುತ್ತೆ ಕಣೋ." ವಾಚು ನೋಡಿದೆ.
ಕೊನೇ ಸ್ಟಾಪು ಮುಟ್ಟದೆ
ಬಸ್ಸು ತಿರುಗಿಸಿದ್ದುಂಟೆ ಯಾವತ್ತಾದರೂ?
ಅತ್ತೆ ಒಂದು ಸಲ ಅವನನ್ನು, ಒಂದು ಸಲ ನನ್ನನ್ನು ನೋಡಿ
"ನೀವಿಲ್ಲೇ ಇರ್ರಿ. ನಾನು ಹೋಗಿ ಬರ್ತೀನಿ."

ಸೀರೆಯ ಹಳದಿ ಗೋಡೆಯ ತಿರುವಲ್ಲಿ ಒಮ್ಮೆ,
ದೊಣೆಯ ಅಂಚಲ್ಲಿ ಒಮ್ಮೆ. ಆಮೇಲೆ ಬರೀ ಕಲ್ಲು.
ನಾವು ಉಪ್ಪಿಟ್ಟು ತಿಂದೆವು.
ಭೈರಸಾಗರದ ನೀರು ಎಷ್ಟು ಹಿಂದೆ ಸರಿದಿದೆಯೆಂದು
ದೀಕ್ಷಾ ಒಂದು ಕಣ್ಣು ಮುಚ್ಚಿ ಬೆರಳಲ್ಲಿ ಅಳೆದಳು.
ಓತಿಕ್ಯಾತ ಎದ್ದು ಹೋಯಿತು.
ಬೆನ್ನಿಗೆ ಬಂಡೆಯ ಬಿಸಿ ಹತ್ತತೊಡಗಿತು.
ಕೂತ ಜಾಗ ಇಷ್ಟು ಹೊತ್ತು
ಅಲುಗಾಡದೆ ಇರುವುದು
ನನಗೆ ಹೊಸದು.

ಮುಕ್ಕಾಲು ಗಂಟೆಗೆ ಇಳಿದು ಬಂದರು,
ಸೆರಗಿನ ತುದಿಯಲ್ಲಿ ಕಾರೆಹಣ್ಣು,
ಮೊಣಕೈಗೆ ಮುಳ್ಳು ಗೀರಿದ ಗೆರೆ.
"ಮೇಲೆ ಏನಿತ್ತಜ್ಜಿ?"
ಮೋಕ್ಷಿತನ ಬಾಯಿಗೆ ಹಣ್ಣಿಟ್ಟು, ಬೀಜ ಉಗಿ ಎಂದರು.
"ಗಾಳಿ ಇತ್ತು."
ಇನ್ನೇನೋ ಇತ್ತು. ಮುಖದಲ್ಲಿತ್ತು.
ಕೇಳಲಿಲ್ಲ ನಾನು, ಈ ಸಲ ಬೇಕೆಂತಲೇ.

ಸೋಮವಾರ, ಮೊದಲ ಟ್ರಿಪ್ಪು.
ಬಲಗಡೆ ಕಿಟಕಿ. ಚಿಲ್ಲರೆ ಕೈಯಲ್ಲೇ ಉಳಿಯಿತು.
ಕೆಳಗಿಂದ ಎಣಿಸಿದೆ, ಒಂದು ಬಾಗಿಲು, ಎರಡು,
ಮೂರು. ಅಲ್ಲಿ ಚೆಲ್ಲಿದ ನಾಲ್ಕು ಅವರೆಕಾಳಿಗೆ
ಇಷ್ಟೊತ್ತಿಗೆ ಇರುವೆ ಬಂದಿರಬೇಕು.
ಅಲ್ಲಿಂದ ಮೇಲೆ ನನಗೆ ಗೊತ್ತಿಲ್ಲ.
"ಮೇಡಂ, ಒಂದು ಗುಡಿಬಂಡೆ" ಎಂದ ಯಾರೋ.
ಕೊಟ್ಟೆ. ಜೇಬಲ್ಲಿ ಸೀಟಿಗೆ ತಡಕಾಡಿದೆ,
ಅದು ದೀಕ್ಷಾಳ ಕೊರಳಲ್ಲೇ ಉಳಿದಿದೆ.
ಬಸ್ಸಿನ ತಗಡು ತಟ್ಟಿದೆ,
ಎರಡು ಸಲ.